ಅನ್ನದಡಿಯ ಹೂವು

ಜಪಾನಿನ ತ್ಸುವಾನೊ ಊರಿನ ಬಟ್ಟಲಿನಲ್ಲಿ ಮೇಲೆ ಕಾಣುವುದು ಬರೀ ಬಿಳಿ ಅನ್ನ. ತೋಫು, ಅಣಬೆ, ಮೂಗಿಗೇರುವ ವಸಾಬಿ, ಬಿಸಿ ಸಾರು ಎಲ್ಲವೂ ಕೆಳಗೆ ಹೂತಿರುತ್ತವೆ. ಹೂತ ಅನ್ನ, ಉಜುಮೆ-ಮೆಶಿ. ಬಡಿಸಿದ್ದನ್ನು ಮೆರೆಸಬಾರದೆಂಬುದು ಇಲ್ಲಿಯವರ ಮರ್ಯಾದೆ. ತಿಂದರೆ ಮೀನು ಸಾಕಿದ ಕಾಲುವೆಯ ಪಕ್ಕದ ಮಿಸಾವೊಳ ಅಂಗಡಿಯಲ್ಲೇ ತಿನ್ನಬೇಕು.

ವಿಧವೆ ಮಿಸಾವೊಗೆ ಬಡಗಿ ಯೋಹೆಯಿಯ ಮೇಲೆ ಮನಸ್ಸಾಗಿ ವರ್ಷಗಳೇ ಕಳೆದಿದ್ದವು. ಹೇಳಲು ಬಾಯಿ ಬಂದಿರಲಿಲ್ಲ. ಆ ಮಧ್ಯಾಹ್ನ ಅವನ ಬಟ್ಟಲಿನ ತಳದಲ್ಲಿ ಉಪ್ಪಿನಲ್ಲಿಟ್ಟ ಗುಲಾಬಿ ಬಣ್ಣದ ಸಕುರಾ ಹೂವೊಂದನ್ನು ಹುದುಗಿಸಿದಳು. ಮದುವೆ ನಿಶ್ಚಯದ ದಿನ ಚಹಾದ ಬದಲು ಬಿಸಿನೀರಿನಲ್ಲಿ ಅರಳಿಸಿ ಕೊಡುವ ಹೂವು.

ಯಾರ ದನಿಯನ್ನಾದರೂ ಅಣಕಿಸುವ ಯೋಹೆಯಿಯ ಗಂಟಲಿನಲ್ಲಿ ಸ್ಟೇಷನ್ ಮಾಸ್ತರ, ಪುರೋಹಿತ, ಬಾತುಕೋಳಿ ಎಲ್ಲರೂ ಬಾಡಿಗೆಗಿದ್ದರು.

"ನಮ್ಮೂರಿನ ಅಡಿಗೆ ಯಾವತ್ತೂ ಅಡಿಗೇ ಕಣ್ರೀ ಮಿಸಾವೊ! ಮೇಲ್ಮೇಲೆ ನೋಡಿದೋನಿಗೆ ಉಪವಾಸ!"

"ಸಾಕು, ತಿನ್ನಿ. ತಳದವರೆಗೂ ತಿನ್ಬೇಕು ಇವತ್ತು," ಎಂದು ಮಿಸಾವೊ ಕಿವಿ ಕೆಂಪಾಗಿ ಒಳಗೆ ಹೋದಳು.

ಪಕ್ಕದಲ್ಲಿದ್ದವನು ಅಂಚೆಯ ಸೋಕಿಚಿ. ಹೆಂಡತಿ ತೀರಿದ ಮೇಲೆ ಮಾತು ಕಡಿಮೆ ಮಾಡಿಕೊಂಡವನು. "ನಿಂಗೆ ಮಾತ್ರ ತೋಫು ಜಾಸ್ತಿ ಹಾಕ್ತಾಳೆ ಅಂತ ನಂಗೆ ಅನುಮಾನ," ಎಂದು ಗೊಣಗಿದ.

"ಅನುಮಾನ ಅಲ್ಲ ಅಂಚೆಯಣ್ಣ, ಅನ್ನಮಾನ! ತಗೋ, ನಂದು ನಿಂಗೆ, ನಿಂದು ನಂಗೆ." ಯೋಹೆಯಿ ಬಟ್ಟಲುಗಳನ್ನು ಅದಲುಬದಲು ಮಾಡಿದ.

ಸ್ವಲ್ಪ ಹೊತ್ತಿಗೆ ಸೋಕಿಚಿಯ ಊಟದ ಕಡ್ಡಿಗಳು ನಿಂತವು. ಅವುಗಳ ತುದಿಯಲ್ಲಿ ಗುಲಾಬಿ ಬಣ್ಣದ್ದೇನೋ ಅರಳಿತ್ತು. ಅವನ ಕಣ್ಣು ತುಂಬಿತು.

"ವಸಾಬಿ ಹತ್ತಿತೇನೋ?" ಎಂದ ಯೋಹೆಯಿ.

ಸೋಕಿಚಿ ಎದ್ದು ಟೋಪಿ ತೆಗೆದ. ಚಹಾ ತಂದ ಮಿಸಾವೊಗೆ ನಡುಬಗ್ಗಿ ವಂದಿಸಿದ. "ಈ ವಯಸ್ನಲ್ಲಿ ನನ್ನ ಕಡೆನೂ ಯಾರೋ ನೋಡ್ತಾರೆ ಅಂದ್ಕೊಂಡಿರ್ಲಿಲ್ಲ, ಮಿಸಾವೊ. ನಂಗೆ ಒಪ್ಪಿಗೆ. ತುಂಬಾ ಒಪ್ಪಿಗೆ."

ಮಿಸಾವೊ ಯೋಹೆಯಿಯತ್ತ ತಿರುಗಿದಳು. ಆ ನೋಟದಲ್ಲೇ ಅವನಿಗೆ ಗೊತ್ತಾಯಿತು, ಹೂವು ಯಾರದೆಂದು. ಸರಿಯಾಗೇ ಇದ್ದ ಬಾಗಿಲನ್ನು ಸರಿಮಾಡುವ ನೆಪದಲ್ಲಿ ಅವನೂ ಎಷ್ಟು ವರ್ಷ ಇಲ್ಲಿಗೆ ಬಂದಿದ್ದ! ಬಟ್ಟಲು ಬದಲಾಯಿಸಿದ್ದು ನಾನೇ ಎಂದರೆ ಮುಗಿಯುತ್ತಿತ್ತು. ಆದರೆ ಸೋಕಿಚಿ ಇನ್ನೂ ಬಾಗಿಯೇ ಇದ್ದ. ಯೋಹೆಯಿ ಬಾಯಿ ತೆರೆದ. ಬಂದದ್ದು ಪುರೋಹಿತನ ದನಿ:

"ವಧೂವರರು ಮುಂದೆ ಬರಬೇಕೂ..."

ಅಂಗಡಿಯೆಲ್ಲ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು.

ಮಿಸಾವೊ ಚಹಾದ ತಟ್ಟೆಯನ್ನು ಕೆಳಗಿಟ್ಟಳು. ಮುಂಗುರುಳನ್ನು ಹಿಂದಕ್ಕೆ ಸರಿಸಿ, ಸೋಕಿಚಿಗೆ ಅವನಷ್ಟೇ ಆಳವಾಗಿ ಬಾಗಿ ವಂದಿಸಿದಳು.

ಯೋಹೆಯಿ ಮತ್ತೊಮ್ಮೆ ಬಾಯಿ ತೆರೆದ. ಈ ಸಲ ಯಾರ ದನಿಯೂ ಬರಲಿಲ್ಲ.