ಮೂರನೆಯ ಪೊಟ್ಟಣ

"ಕೆಂಪು" ಎಂದ ಮಾದೇವ. ಕರಿಹಲಗೆಯ ಮೇಲೆ ರಂಜಿತ ಇನ್ನೊಂದು ಗೀಟು ಎಳೆದಳು.

ಲೋಕೇಶ್ವರಿ ಟೀಚರ ಮೇಜಿನ ತುಂಬ ಬಾಳೆಲೆಯ ಚೂರು, ಕಣಗಿಲೆ ಹೂ. ಸಂಭವನೀಯತೆಯ ಪಾಠಕ್ಕೆ ನಾಣ್ಯ ಚಿಮ್ಮಿಸಿ ಎಂದು ಪುಸ್ತಕ ಹೇಳುತ್ತಿತ್ತು. ತಾಳವಾಡಿಯ ಹತ್ತನೇ ತರಗತಿಯವರ ಕೈಗೆ ನಾಣ್ಯ ಕೊಟ್ಟರೆ ಅದು ನೇರ ಬೋಂಡದ ಅಂಗಡಿ ಸೇರುತ್ತದೆಂದು ಟೀಚರಿಗೆ ಗೊತ್ತಿತ್ತು. ಅದಕ್ಕೇ ಮಾದಪ್ಪನ ಗುಡಿಯಲ್ಲಿ ಹೂ ಕೇಳುವ ಕ್ರಮವನ್ನೇ ತರಗತಿಗೆ ತಂದಿದ್ದರು. ಒಂದು ಪೊಟ್ಟಣದಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು. ನೋಡದೆ ಒಂದನ್ನು ಎತ್ತಬೇಕು. ಬಿಳಿ ಬಂದರೆ ದೇವರು ಒಪ್ಪಿದ, ಕೆಂಪು ಬಂದರೆ ಇಲ್ಲ. ನೂರು ಸಲ ಎತ್ತಿದಾಗ ಬಿಳಿ ಐವತ್ತಮೂರು, ಕೆಂಪು ನಲವತ್ತೇಳು ಬಂದವು.

"ಮಾದಪ್ಪ ಅರ್ಧಕ್ಕರ್ಧ ಒಪ್ತಾನ ಅನ್ನಿ" ಎಂದ ಮಾದೇವ. ತರಗತಿ ನಕ್ಕಿತು.

ರಂಜಿತ ನಗಲಿಲ್ಲ. "ಮೂರು ಸಲ ಎತ್ತುದ್ರ, ಒಂದ್ಸಲನಾದ್ರೂ ಬಿಳೀದು ಬರೋ ಸಂಭವ ಎಷ್ಟು ಟೀಚರ್?"

ಯಾರೂ ಪ್ರಶ್ನೆ ಕೇಳದ ತರಗತಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದ ಟೀಚರಿಗೆ ಹಬ್ಬದೂಟ ಸಿಕ್ಕಂತಾಯಿತು. ಮೂರು ಸಲ ಎತ್ತಿದರೆ ಏನೇನು ಬರಬಹುದೋ ಎಲ್ಲವನ್ನೂ ಬರೆಸಿದರು. ಎಂಟು ಸಾಲಾದವು. ಮೂರೂ ಕೆಂಪಾದ ಸಾಲು ಒಂದೇ ಒಂದು, ಕೊನೆಯದು. ಎಂಟರಲ್ಲಿ ಏಳು ಎಂದು ರಂಜಿತಳೇ ಉತ್ತರ ಹೇಳಿದಳು.

ಗಂಟೆ ಹೊಡೆದ ಮೇಲೆ ಅವಳು ಹಿಂದೆ ಉಳಿದಳು. "ಚಾಮರಾಜನಗರದ ಆಸ್ಟೆಲ್ಗ ಸೇರ್ಸಿ ಪಿಯುಸಿ ಓದ್ಸದಾ ಬ್ಯಾಡ್ವಾ ಅಂತ ಸೋಮಾರ ನಮ್ಮಜ್ಜಿ ಮಾದಪ್ಪನ ಗುಡೀಲಿ ಊವ ಕೇಳ್ತದ. ಅಪ್ಪ ಎಲ್ಲಾನೂ ಅಜ್ಜಿ ಮ್ಯಾಲ ಬುಟ್ಟದ. ಮೂರು ಸಲ ಕೇಳು, ಒಂದ್ಸಲ ಬಿಳೀದು ಬಂದ್ರೂ ಕಳ್ಸು ಅಂತೀನಿ" ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು.

ಟೀಚರ ಹಿಗ್ಗು ಅಲ್ಲಿಗೇ ಇಳಿಯಿತು. ಶನಿವಾರ, ಭಾನುವಾರ ಆ ಎಂಟನೆಯ ಸಾಲು ಅವರ ಬೆನ್ನು ಬಿಡಲಿಲ್ಲ. ಅದೂ ಬರುವ ಸಾಲೇ ಎಂದು ಹುಡುಗಿಗೆ ಒತ್ತಿ ಹೇಳಬೇಕಿತ್ತು. ಸೋಮವಾರ ರಂಜಿತ ಶಾಲೆಗೆ ಬರಲಿಲ್ಲ.

ಮಂಗಳವಾರ ಅವಳ ಜೊತೆ ಅಜ್ಜಿ ಪುಟ್ಟಬಸಮ್ಮನೂ ದೊಡ್ಡಗಾಜನೂರಿನ ಬಸ್ಸಿಳಿದು ಬಂದರು. ಕಂಕುಳಲ್ಲಿ ಒಂದು ಚೀಲ ಸೊಗಡಿನ ಅವರೆಕಾಯಿ.

"ಮೊದ್ಲು ಕೆಂಪು ಬಂತು ಕಣವ್ವ" ಎಂದರು ಪುಟ್ಟಬಸಮ್ಮ, ನಿಂತ ಕಾಲಲ್ಲೇ. "ಎರಡ್ನೇದೂ ಕೆಂಪೇ."

ಟೀಚರ್ ರಂಜಿತಳ ಮುಖ ನೋಡಿದರು.

"ಎಂಟ್ರಲ್ಲಿ ಏಳು ಇದ್ದುದ್ದು ಆಗ ಅರ್ಧಕ್ಕ ಬಂದ್ಬುಡ್ತು ಟೀಚರ್" ಎಂದಳು ಅವಳು ಮೆಲ್ಲಗೆ. ಇಷ್ಟು ಚೆನ್ನಾಗಿ ಯಾಕಾದರೂ ಕಲಿಸಿದೆನೋ ಎಂದು ಟೀಚರಿಗೆ ಅನ್ನಿಸಿತು.

"ಮೂರ್ನೇದ ನಾನೇ ಎತ್ಕಂಡಿ" ಅಜ್ಜಿ ಮುಂದುವರಿಸಿದರು. "ಪೂಜಾರಿ ಜಡೇಸ್ವಾಮಿ, ಬಿಚ್ಚವ್ವ ಅಂದ. ಇಷ್ಟ್ ದಿನ ಇವಳ ಕಳ್ಸಕ್ಕ ಭಯ ಅಂದ್ಕಂಡಿದ್ದಿ. ಅಲ್ಲಿ ನೋಡುದ್ರ, ಕೆಂಪು ಬಂದು ಕಳ್ಸಕ್ಕಾಗ್ದೇ ಇದ್ರ ಅಂತ ಭಯ. ಮಾದಪ್ಪ ತಿಳ್ಸದ ತಿಳ್ಸ್ಬುಟ್ಟ, ಇನ್ನ ಬಿಚ್ಚಿ ನೋಡದೇನದ ಅಂತ ಸೆರಗಿಗ ಕಟ್ಕಂಡು ಬಂದ್ಬುಟ್ಟಿ."

"ಜಡೇಸ್ವಾಮಿ ಏನಂದ್ರು?"

"ಇಂಗೆಲ್ಲಾ ಮಾಡ್ಬಾರ್ದು ಅಂದ. ನಿನ್ ಕೆಲ್ಸ ನೋಡ್ಕ ಓಗಪ್ಪ ಅಂದಿ."

ಸೆರಗಿನ ಗಂಟು ಬಿಚ್ಚಿ, ದಾರ ಸುತ್ತಿದ ಬಾಳೆಲೆಯ ಪೊಟ್ಟಣವನ್ನು ಅಜ್ಜಿ ಟೀಚರ ಅಂಗೈಯಲ್ಲಿ ಇಟ್ಟರು. "ಇದ ನೀನೇ ಮಡಿಕ. ಮೂರು ಸಲ ಕೇಳಂಗ ಮಾಡ್ದೋಳು ನೀನು. ಒಂದೇ ಸಲಕ್ಕ ಬಂದಿದ್ರ ನನ್ನ ಮನ್ಸು ನಂಗೇ ತಿಳೀತಿರ್ಲಿಲ್ಲ. ನಿನ್ನ ಋಣ ದೊಡ್ದು ಕಣವ್ವ."

ಎಂಟು ಸಾಲು ಬರೆಸಿದರೂ ತನಗೆ ಹೊಳೆಯದ್ದನ್ನು ಈ ಅಜ್ಜಿ ಕಲಿಸಿದರು, ಋಣ ತನ್ನದೇ ಎಂದು ಟೀಚರಿಗೆ ಅನ್ನಿಸಿತು. ಪೊಟ್ಟಣವನ್ನು ಮೇಜಿನ ಖಾನೆಯಲ್ಲಿಟ್ಟು, ಅವರೆಕಾಯಿ ಚೀಲಕ್ಕೆ ಕೈಚಾಚಿದರು.

ಜೂನಿನಲ್ಲಿ ರಂಜಿತ ಚಾಮರಾಜನಗರದ ಬಸ್ಸು ಹತ್ತಿದಳು. ಮರುವರ್ಷ ಅದೇ ಪಾಠಕ್ಕೆ ಮೇಜಿನ ಮೇಲೆ ಮತ್ತೆ ಕಣಗಿಲೆ ಬಂತು. ಸೀಮೆಸುಣ್ಣ ತರಲು ಹೋದ ಪುಟ್ಟಿ ಎಂಬ ಹುಡುಗಿ ಖಾನೆಯ ಮೂಲೆಯಿಂದ ಒಣಗಿ ಕಂದುಬಣ್ಣಕ್ಕೆ ತಿರುಗಿದ ಪೊಟ್ಟಣವೊಂದನ್ನು ಎತ್ತಿ ಹಿಡಿದಳು.

"ಇದೊಂದ ಬಿಚ್ಚೇ ಇಲ್ಲ ಟೀಚರ್. ಇದ್ನೂ ಸೇರುಸ್ಲಾ?"

"ಬೇಡಮ್ಮ, ಇಲ್ಲಿ ಕೊಡು" ಎಂದು ಟೀಚರ್ ಎರಡೂ ಕೈ ಒಡ್ಡಿದರು.