ಗಾಜಿನೊಳಗೆ ಅತ್ತೆಯ ಕಿಡ್ನಿ

ಆ ಪರದೆ ಆಸ್ಪತ್ರೆಗೆ ಬಂದಾಗಿನಿಂದ ಚೂಟಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸ್ಕ್ಯಾನ್ ಕೋಣೆಯಲ್ಲಿ ಕೆಲಸ ಮಾಡುವ ಅವಳನ್ನು ಎಲ್ಲರೂ ಕರೆಯುವುದೇ ಚೂಟಿ ಎಂದು. ಪರದೆ ಎಂದರೆ ಪುಸ್ತಕದಷ್ಟಗಲದ ಹೊಲೊಗ್ರಾಮ್ ಪರದೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಸ್ಕ್ಯಾನ್ ಚಿತ್ರ ಗಾಜಿನೊಳಗೆ ಉಬ್ಬಿ ನಿಲ್ಲುತ್ತದೆ. ಚಿತ್ರವನ್ನು ಅದರ ಹೊಟ್ಟೆಗೇ ತುಂಬಿಬಿಟ್ಟರಂತೂ ಕಂಪ್ಯೂಟರಿನ ಹಂಗೇ ಇಲ್ಲ, ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಮೊದಲು ತುಂಬಿದ್ದೇ ಸ್ವಂತ ಸೋದರತ್ತೆಯ ಸ್ಕ್ಯಾನನ್ನು. ಅತ್ತೆಯ ಒಂದು ಕಿಡ್ನಿಯಲ್ಲಿ ಗಡ್ಡೆ. ಆ ಕಿಡ್ನಿಯನ್ನೇ ತೆಗೆಯಬೇಕಿತ್ತು. ತಾಯಿಯಿಲ್ಲದ ಚೂಟಿಯನ್ನು ಸಾಕಿ ಬೆಳೆಸಿದ ಗಟ್ಟಿಗಿತ್ತಿ, ಆಪರೇಷನ್ ಎಂದೊಡನೆ ಗಡಗಡ ನಡುಗತೊಡಗಿದ್ದರು. ಕಣ್ಣಾರೆ ಕಂಡರೆ ಹೆದರಿಕೆ ಹೋದೀತೆಂದು ಬೆಳಿಗ್ಗೆ ಚೂಟಿ ಪರದೆಯನ್ನು ಹಾಸಿಗೆಯ ಪಕ್ಕಕ್ಕೇ ತಂದಳು. ಸರ್ಜನ್ ಸಾಹೇಬರೂ ನರ್ಸುಗಳೂ ಬಂದು ಸುತ್ತ ನಿಂತರು.

"ಅಯ್ಯೋ ನಿನ್ನ! ನನ್ನ ಕರುಳೆಲ್ಲ ತೆಗೆದು ಶೋಕೇಸಲ್ಲಿ ಇಟ್ಬಿಟ್ಟಿದೀಯಲ್ಲೇ!" ಅತ್ತೆ ನಕ್ಕೇಬಿಟ್ಟರು. ಕತ್ತನ್ನು ಅತ್ತ ಇತ್ತ ವಾಲಿಸಿ ನೋಡಿದ್ದೇ ನೋಡಿದ್ದು.

ಸಾಹೇಬರಿಗೂ ಖುಷಿಯೋ ಖುಷಿ. "ಇಲ್ಲಿಂದಾನೇ ತೆಗೀತೀವಮ್ಮ" ಎನ್ನುತ್ತ ಅತ್ತೆಯ ಎಡಪಕ್ಕೆಯ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಚೂಟಿ ಬೀಗಿದಳು. ಬೀಗದೆ ಇರುತ್ತಾಳೆಯೇ?

ಅತ್ತೆಯನ್ನು ಒಳಗೆ ಕರೆದೊಯ್ದ ಮೇಲೆ ಕೈಕಟ್ಟಿ ಕೂರಲಾಗಲಿಲ್ಲ. ಪರದೆಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಮೂಲ ಸ್ಕ್ಯಾನನ್ನೇ ತೆರೆದಳು. ಗಡ್ಡೆ ಅತ್ತೆಯ ಬಲಗಡೆಗಿತ್ತು.

ವೈರು ಕಿತ್ತಳು. ಪರದೆ ತನ್ನ ಹೊಟ್ಟೆಯ ಚಿತ್ರ ತೋರಿಸಿತು: ಎಡಗಡೆ. ಮತ್ತೆ ಸಿಕ್ಕಿಸಿದಳು: ಬಲಗಡೆ. ಇನ್ನೊಮ್ಮೆ ಕಿತ್ತಳು. ಗಡ್ಡೆ ಮಾತ್ರವಲ್ಲ, ಲಿವರ್ ಕೂಡ ಎಡಕ್ಕೆ ಹೋಗಿ ಕೂತಿತ್ತು! ಅಯ್ಯೋ ದೇವರೇ, ಲಿವರ್ ಎಡಕ್ಕಿರುತ್ತದೆಯೇ? ಬೆಳಿಗ್ಗೆ ಅಷ್ಟು ಜನ ಸುತ್ತ ನಿಂತು ಬೆರಗಾದರಲ್ಲ, ಒಬ್ಬರಾದರೂ ನೋಡಬಾರದೇ? ಮೊದಲು ತಾನೇ ನೋಡಬಾರದೇ? ಪರದೆ ಕಲಿಯುವಾಗ ಸುಮ್ಮನೆ ಒತ್ತಿ ನೋಡಿದ್ದ 'ಕನ್ನಡಿಯಂತೆ ತಿರುಗಿಸು' ಎಂಬ ಆಯ್ಕೆಯನ್ನು ತೆಗೆಯದೆ ಅವಳು ಅತ್ತೆಯ ಚಿತ್ರ ತುಂಬಿದ್ದಳು. ಇಷ್ಟೇ. ಇಷ್ಟಕ್ಕೇ ಈಗ ಒಳ್ಳೆಯ ಕಿಡ್ನಿ ಹೋಗಿ, ಗಡ್ಡೆಯದ್ದೊಂದೇ ಅತ್ತೆಗೆ ಉಳಿಯುತ್ತದೆ.

ಆಪರೇಷನ್ ಕೋಣೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿ ಓಡಿದಳು.

"ಏ, ಚಪ್ಪಲಿ! ಹೀಗೆಲ್ಲ ಒಳಗೆ ಬರೋ ಹಾಗಿಲ್ಲ!" ನರ್ಸ್ ಅಡ್ಡಬಂದಳು.

"ನಿಲ್ಸಿ ಸರ್! ಬಲಗಡೆ! ಗಡ್ಡೆ ಇರೋದು ಬಲಗಡೆ! ಚಿತ್ರ ತಿರುಗಾಮುರುಗಾ ಆಗಿದೆ, ನನ್ನದೇ ತಪ್ಪು!"

ಅರಿವಳಿಕೆಯ ಸೂಜಿ ಹಿಡಿದಿದ್ದ ಡಾಕ್ಟರು ಕೈ ಹಿಂದಕ್ಕೆಳೆದುಕೊಂಡರು. ಸಾಹೇಬರು ಮೂಲ ಸ್ಕ್ಯಾನ್ ತೆರೆಸಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಹತ್ತಿ ತೆಗೆದುಕೊಂಡು ಎಡಪಕ್ಕೆಯ ಗುರುತನ್ನು ತಾವೇ ಉಜ್ಜತೊಡಗಿದರು.

ಅತ್ತೆಗೆ ಇನ್ನೂ ಎಚ್ಚರವಿತ್ತು. ಚೂಟಿ ಅವರ ಕೈ ಹಿಡಿದು ಗಳಗಳನೆ ಅತ್ತಳು. "ನೋವು ಯಾವ ಕಡೆ ಅಂತ ಗೊತ್ತಿತ್ತಲ್ಲ ಅತ್ತೆ, ಗುರುತು ಹಾಕುವಾಗ ಒಂದು ಮಾತು ಹೇಳಬಾರದಿತ್ತಾ?"

"ನೋಯ್ತಿದ್ದದ್ದು ಈ ಕಡೇನೇ ಕಣೇ." ಅತ್ತೆ ಬಲಪಕ್ಕೆ ಮುಟ್ಟಿಕೊಂಡರು. "ಆದ್ರೆ ತೋರಿಸಿದವಳು ನೀನಲ್ವಾ? ನೀನು ತಪ್ಪು ತೋರಿಸ್ತೀಯಾ, ನಂದೇ ಏನೋ ಭ್ರಮೆ ಅಂದ್ಕೊಂಡು ಸುಮ್ಮನಾದೆ."