ಗಿಡಗ ವಿಮಾನದ ಚರಿತ್ರೆ

ಚೀಲದಲ್ಲಿ ಐದು ಝೆರಾಕ್ಸ್ ಪ್ರತಿಗಳಿದ್ದವು. ಮೂಲ ಹಾಳೆ ಇರಲಿಲ್ಲ.

ಮೌಲಾಸಾಬ ಚೀಲವನ್ನು ಮಂಚದ ಮೇಲೆ ಬೋರಲು ಮಾಡಿ ಕೊಡವಿದ. ಕಂಪನಿಯ ಗುರುತಿನ ಚೀಟಿ, ನೆಗಡಿ ಮಾತ್ರೆ, ಒಂದು ಸಣ್ಣ ಅರ ಬಿದ್ದವು. ಅಡುಗೆಮನೆಯಿಂದ ಹೆಂಡತಿ ಶಾಹಿದಾ, "ಬಸ್ಸಿನ ಹೊತ್ತಾತ್ರಿ, ಉಣ್ಣಾಕ ಬರ್ರಿ" ಎಂದು ಎರಡು ಸಲ ಕರೆದಳು. ಕೊರ್ಲಿಮ್‌ನ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅವನದು ಎರಡನೇ ಪಾಳಿ. ಕಂಪನಿ ಬಸ್ಸು ಮಂಗೋರ್ ಹಿಲ್ ಕೆಳಗಿನ ತಿರುವಿಗೆ ಒಂದು ಗಂಟೆಗೆ ಬರುತ್ತಿತ್ತು. ಅವನ ಕಿವಿಗೆ ಅದೊಂದೂ ಬೀಳಲಿಲ್ಲ. ಬೆಳಿಗ್ಗೆ ಅಜಯನ ಝೆರಾಕ್ಸ್ ಅಂಗಡಿಯಲ್ಲಿ ಯಂತ್ರದ ಮುಚ್ಚಳ ಎತ್ತಿದ್ದು ನೆನಪಿತ್ತು. ಹಾಳೆಯನ್ನು ಗಾಜಿನ ಮೇಲೆ ಬೋರಲು ಇಟ್ಟದ್ದು ನೆನಪಿತ್ತು. ತೆಗೆದದ್ದು ನೆನಪಿರಲಿಲ್ಲ.

ಆ ಹಾಳೆಯ ಮೇಲೆ ಏನೇನಿತ್ತು ಎಂದು ಅವನು ಒಂದೊಂದಾಗಿ ನೆನೆದ.

ಮೇಲರ್ಧದಲ್ಲಿ ನೌಕಾಪಡೆಯ ನೆಲೆಯೂ ಆದ ದಾಬೋಲಿಮ್ ವಿಮಾನ ನಿಲ್ದಾಣದ ನಕ್ಷೆ, ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ. ನೌಕಾಪಡೆಯ ಗೋಡೆಯಾಚೆ ಗುಡ್ಡವನ್ನು ಕೊರೆದು ಮಾಡಿದ ಒಂದು ಗುಪ್ತ ಶೆಡ್ಡು, ಅದರಿಂದ ರನ್‌ವೇ ಕಡೆಗೆ ಬಾಣದ ಗುರುತುಗಳು. ಕೆಳಗರ್ಧದಲ್ಲಿ ಕನ್ನಡದಲ್ಲಿ ಒತ್ತೊತ್ತಾಗಿ ಬರೆದ ಚರಿತ್ರೆ: ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಯಾರಿಗೂ ತಿಳಿಯದಂತೆ ತಯಾರಾದ ಹದಿಮೂರು ಯುದ್ಧವಿಮಾನಗಳು, ಅವಕ್ಕೆ ಬೇಟೆಹಕ್ಕಿಯ ಹೆಸರು, ಗಿಡಗ ಎಂದು, ಎಪ್ಪತ್ತೊಂದನೇ ಇಸವಿಯ ಯುದ್ಧದಲ್ಲಿ ಅವು ಹಾರಿದ್ದು, ಒಂದು ಮರಳಿ ಬಾರದಿದ್ದದ್ದು. ಎಲ್ಲವೂ ಅವನ ತಲೆಯೊಳಗೇ ಹುಟ್ಟಿದ್ದು. ಅಂಥ ಕಾರ್ಖಾನೆ ಇರಲಿಲ್ಲ, ಅಂಥ ವಿಮಾನ ಇರಲಿಲ್ಲ, ಅಂಥ ಶೆಡ್ಡೂ ಇರಲಿಲ್ಲ. ಭಾನುವಾರ ಪಣಜಿಯ ಒಂದು ಶಾಲೆಯಲ್ಲಿ ವಿಮಾನಗಳ ಪುಟ್ಟ ಮಾದರಿ ಕಟ್ಟುವವರ ಪ್ರದರ್ಶನವಿತ್ತು. ಆಗದೇ ಹೋದದ್ದನ್ನು ಆಗಿತ್ತೆಂದು ಕಲ್ಪಿಸಿ ಕಟ್ಟಿದ ವಿಮಾನಗಳಿಗೆ ಅಲ್ಲೊಂದು ಪ್ರತ್ಯೇಕ ಮೇಜು. ಮೌಲಾಸಾಬ ಎಂಟು ತಿಂಗಳು ಕೂತು ಗಿಡಗವನ್ನು ಕಟ್ಟಿದ್ದ. ಅಂಗಡಿಯಲ್ಲಿ ಸಿಗುವ ಒಂದು ಮಾದರಿ ಪೊಟ್ಟಣದ ಒಡಲು, ಇನ್ನೊಂದರ ರೆಕ್ಕೆ, ಕಾರ್ಖಾನೆಯ ಪ್ಲಾಸ್ಟಿಕ್ ಚೂರುಗಳಿಂದ ಕತ್ತರಿಸಿದ ಬಾಲ. ನಕ್ಷೆಯ ಹಾಳೆ ಹಳೆಯದಾಗಿ ಕಾಣಲೆಂದು ಚಹಾದಲ್ಲಿ ಅದ್ದಿ ಒಣಗಿಸಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ರಬ್ಬರು ಕೆತ್ತಿ ಇಂಗ್ಲಿಷಿನಲ್ಲಿ 'ಟಾಪ್ ಸೀಕ್ರೆಟ್' ಎಂಬ ಕೆಂಪು ಮುದ್ರೆಯನ್ನೂ ಒತ್ತಿದ್ದ.

ಊಟ ಬಿಟ್ಟು ಓಡಿದ. ಮೆಟ್ಟಿಲಿಳಿದು, ಗಟಾರ ದಾಟಿ, ವಾಸ್ಕೋ ಪೇಟೆಗೆ ಬರುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ಅಜಯನ ಅಂಗಡಿಯ ಶಟರು ಇಳಿದಿತ್ತು. ಗೋವಾದ ಪೇಟೆ ಮಧ್ಯಾಹ್ನ ಮಲಗುತ್ತದೆ, ನಾಲ್ಕರವರೆಗೆ ಯಾರ ಪ್ರಾಣ ಹೋದರೂ ಏಳುವುದಿಲ್ಲ. ಅಜಯನ ಫೋನು ಬಂದ್ ಆಗಿತ್ತು. ಮೌಲಾಸಾಬ ಎದುರಿನ ಕಟ್ಟೆಯ ಮೇಲೆ ಕೂತ. ಕಂಪನಿ ಬಸ್ಸು ಹೋಗಿರುತ್ತದೆ ಎಂದು ಹೊಳೆದರೂ ಅದು ಬೇರೆ ಯಾರದೋ ಬಸ್ಸು ಎನ್ನಿಸಿತು. ತಲೆಯ ಮೇಲೆ ನೌಕಾಪಡೆಯ ವಿಮಾನವೊಂದು ಗುಡುಗುತ್ತ ಹೋಯಿತು. ಇಪ್ಪತ್ತು ವರ್ಷಗಳಿಂದ ಆ ಸದ್ದಿಗೆ ಕತ್ತೆತ್ತಿ ನೋಡದೆ ಇದ್ದವನಲ್ಲ. ಅಂದು ತಲೆ ತಗ್ಗಿಸಿದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅಜಯ ಬಂದ. ಬೆಳಗಾವಿಯ ವ್ಯಾಪಾರಸ್ಥರ ಮನೆಯ ಹುಡುಗ, ಮೂವತ್ತರೊಳಗಿನವನು, ಎಲ್ಲರೊಂದಿಗೂ ಸಲಿಗೆ.

"ಏನ್ ಚಾಚಾ, ಡ್ಯೂಟಿಗೆ ಹೋಗಿಲ್ಲೇನು?"

"ಮುಂಜಾನಿ ಮಶೀನಿನ್ಯಾಗ ನನ್ನದೊಂದು ಹಾಳಿ ಉಳದೈತಿ. ಲಗೂನ ತಗಿಯಪಾ."

ಅಜಯ ಮುಚ್ಚಳ ಎತ್ತಿದ. ಗಾಜು ಬರಿದಾಗಿತ್ತು. ಕಸದ ಬುಟ್ಟಿ ನೋಡಿದ, ಮೇಜಿನ ಕೆಳಗೆ ನೋಡಿದ. ಆಮೇಲೆ ಅವನ ಮುಖ ನಿಧಾನವಾಗಿ ಬದಲಾಯಿತು.

"ನಿಮ್ಮ ಹಿಂದ ನೇವಿಯವರೊಬ್ರು ಬಂದಿದ್ರು, ಚಾಚಾ. ಗೇಟಿನ ಆಫೀಸಿನವರು. ಪಾಸಿನ ಕಾಗದಾ ಭಾಳ ಇದ್ವು. ಎಲ್ಲಾ ಒಟ್ಟುಗೂಡಿಸಿ ಲಕೋಟಿಗೆ ಹಾಕ್ಕೊಂಡು ಹೋದ್ರು." ಮುಚ್ಚಳ ಹಾಕುತ್ತ, "ಏನಿತ್ತು ಅದರಾಗ?" ಎಂದ.

"ಏನಿಲ್ಲ ಬಿಡು" ಎಂದು ಮೌಲಾಸಾಬ ಹೊರಟ. ಬೆನ್ನ ಮೇಲೆ ಅಜಯನ ದೃಷ್ಟಿ ನೆಟ್ಟಿದ್ದು ತಿಳಿಯುತ್ತಿತ್ತು. ಏನಿಲ್ಲ ಎಂದದ್ದೇ ತಪ್ಪಾಯಿತು ಎಂದು ಹತ್ತು ಹೆಜ್ಜೆ ನಡೆದ ಮೇಲೆ ಹೊಳೆಯಿತು. ನಾಳೆ ಯಾರಾದರೂ ಕೇಳಿದರೆ ಅಜಯ ಅದನ್ನೇ ಹೇಳುತ್ತಾನೆ: ಕೇಳಿದೆ, ಮುಚ್ಚಿಟ್ಟರು, ಮುಖ ಬೆವೆತಿತ್ತು.

ಮನೆಗೆ ಬಂದು ಶಾಹಿದಾಗೆ ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿ ಎದ್ದು ಮೊದಲು ಬಾಗಿಲು ಹಾಕಿದಳು.

"ನಕ್ಷೆದಾಗ ಹೆಸರು ಬರದೀರೇನು, ನಿಮ್ಮದು?"

"ಕೆಳಗ ಇಂಗ್ಲಿಷಿನ್ಯಾಗೂ ಬರದೇನಿ. ರಚನೆ ಮೌಲಾಸಾಬ ನದಾಫ, ಅಂತ."

ಶಾಹಿದಾ ಹಣೆಗೆ ಕೈಯಿಟ್ಟಳು. "ಬ್ಯಾರೆ ಯಾರದರ ಹೆಸರಿದ್ರ ಹುಚ್ಚ ಅಂತ ಬಿಡ್ತಿದ್ರು. ನಿಮ್ಮ ಹೆಸರು ನೋಡಿದ್ರ ಬಿಡ್ತಾರೇನ್ರಿ?" ಓಣಿಯಲ್ಲಿ ಎರಡು ಮೂರು ಸಲ ಬಾಡಿಗೆದಾರರ ಕಾಗದ ನೋಡಲು ಬಂದ ಪೊಲೀಸರು ಅವನ ಮನೆಯ ಬಾಗಿಲಲ್ಲಿ ತುಸು ಹೆಚ್ಚು ಹೊತ್ತು ನಿಂತಿದ್ದರು. "ಒಡದು ಹಾಕ್ರಿ ಅದನ್ನ. ಎಲ್ಲಾ ಒಡದು ಖಾಡಿ ನೀರಿಗೆ ಒಗದು ಬರ್ರಿ. ಅಂಥಾದ್ದು ಇರ್ಲೇ ಇಲ್ಲ ಅನ್ರಿ."

ಕಪಾಟಿನ ಮೇಲೆ ಗಿಡಗ ಕೂತಿತ್ತು, ಒಂದು ಮೊಳ ಉದ್ದ, ಕಡಲಿನ ಬೂದಿ ಬಣ್ಣ. ಮೌಲಾಸಾಬ ಸುತ್ತಿಗೆ ತಂದ. ವಿಮಾನವನ್ನು ನೆಲದ ಮೇಲಿಟ್ಟ. ಸುತ್ತಿಗೆ ಎತ್ತಿದ ಕೈ ಹಾಗೇ ನಿಂತಿತು. ಮಮತೆಯಿಂದಲ್ಲ. ಭಯ ಅವನ ತಲೆಯನ್ನು ವಿಚಿತ್ರವಾಗಿ ಚುರುಕು ಮಾಡಿತ್ತು. ಹಾಳೆ ಅವರ ಕೈಯಲ್ಲಿದೆ. ಇದು ಇಲ್ಲದೆ ಆ ಹಾಳೆಯೊಂದೇ ಉಳಿದರೆ ಅದು ಗೂಢಚಾರನ ನಕ್ಷೆ. ಇದು ಪಕ್ಕದಲ್ಲಿದ್ದರೆ ಆಟಿಕೆಯ ಕಾಗದ.

"ಇದನ್ನ ಒಡದ್ರ ನಾನು ಸತ್ತಂಗ, ಶಾಹಿದಾ" ಎಂದ. "ಅವರು ಬರೂಮುಂಚೆ ನಾನ ಠಾಣೆಗೆ ಹೋಗ್ತೇನಿ."

ಅವಳು ಬೇಡವೆಂದಳು, ಅತ್ತಳು, ಕೊನೆಗೆ ತನ್ನದೊಂದು ಹಳೆ ಓಢಣಿಯಲ್ಲಿ ವಿಮಾನವನ್ನು ಸುತ್ತಿ ಬಿಸ್ಕಿಟ್ ಡಬ್ಬಿಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟಳು. ರೆಕ್ಕೆ ತಾಗದ ಹಾಗೆ ಎರಡೂ ಕಡೆ ಚಿಂದಿ ತುರುಕಿ, ಮೇಲೆ ಐದೂ ಝೆರಾಕ್ಸ್ ಪ್ರತಿಗಳನ್ನಿಟ್ಟಳು.

ಪೆಟ್ಟಿಗೆ ಹೊತ್ತು ಪೊಲೀಸ್ ಠಾಣೆಯ ಮೆಟ್ಟಿಲೇರುವಾಗ ಐದೂವರೆ. ಬಾಗಿಲ ಪೇದೆ "ಏನದು?" ಎಂದು ಗದರಿದಾಗ, "ವಿಮಾನ" ಎಂದುಬಿಟ್ಟ. ಪೇದೆ ಎರಡು ಹೆಜ್ಜೆ ಹಿಂದೆ ಸರಿದ.

ಒಳಗೆ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಇದ್ದರು, ನಲವತ್ತರ ಆಸುಪಾಸು, ದಣಿದ ಕಣ್ಣು. ಮೌಲಾಸಾಬ ತನಗೆ ಬರುವ ಕಾರ್ಖಾನೆಯ ಹಿಂದಿಯಲ್ಲಿ, ಒಂದು ಹಾಳೆ ಕಳೆದಿದೆ, ತಪ್ಪು ತಿಳಿಯಬಾರದು, ಎಂದು ಶುರುಮಾಡಿದ. ಅವರು ಕೈಯೆತ್ತಿ ತಡೆದು, ಮೇಜಿನ ಮೇಲಿದ್ದ ಕಡತ ತೆರೆದರು. ಅವನ ಹಾಳೆ ಅದರಲ್ಲಿತ್ತು. ಚಹಾದ ಕಲೆ, ಬಾಣಗಳು, ಕೆಂಪು ಮುದ್ರೆ.

"ನೌಕಾಪಡೆಯಿಂದ ಹನ್ನೆರಡು ಗಂಟೆಗೇ ಬಂದಿದೆ" ಎಂದರು. "ನದಾಫ ಅನ್ನುವವರ ಮನೆ ವಾಸ್ಕೋದಲ್ಲಿ ಎಷ್ಟಿವೆ ಅಂತ ನೋಡುತ್ತಿದ್ದೆವು. ಕೂತುಕೊಳ್ಳಿ."

ಅವನು ಅಂಗಡಿಯೆದುರು ಕೂತು ಕಾಯುತ್ತಿದ್ದ ಅಷ್ಟು ಹೊತ್ತೂ ಇಲ್ಲಿ ಅವನ ಹೆಸರು ಹುಡುಕುತ್ತಿದ್ದರು. ಮೌಲಾಸಾಬ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಕೂತ.

ಪೆಟ್ಟಿಗೆ ಬಿಚ್ಚಿಸಿದರು. ಗಿಡಗ ಠಾಣೆಯ ಮೇಜಿನ ಮೇಲೆ ನಿಂತಿತು. ಸಬ್‌ಇನ್‌ಸ್ಪೆಕ್ಟರ್ ಅದನ್ನು ಮುಟ್ಟದೆ ಸುತ್ತ ತಿರುಗಿ ನೋಡಿದರು.

"ಗುಡ್ಡದೊಳಗಿನ ಈ ಶೆಡ್ಡಿನ ವಿಷಯ ಯಾರು ಹೇಳಿದರು?"

"ಯಾರೂ ಹೇಳಿಲ್ಲ ಮೇಡಮ್. ನಾನೇ ಕಲ್ಪಿಸಿದ್ದು."

"ಬಾಗಿಲು ಎಷ್ಟು ಅಗಲ?"

"ಹದಿನಾಲ್ಕು ಮೀಟರು." ಬಾಯಿ ತಾನಾಗಿ ಹೇಳಿತು. "ರೆಕ್ಕೆ ಮಡಚಿದರೆ ಎರಡು ವಿಮಾನ ಒಟ್ಟಿಗೆ ಹೊರಗೆ ಬರಬೇಕಲ್ಲ."

"ಕಾವಲು ಬದಲಾಗುವ ಹೊತ್ತು?"

"ಐದೂ ಮೂವತ್ತು..." ಎಂದವನು ನಾಲಗೆ ಕಚ್ಚಿಕೊಂಡ. ಕೇಳಿದ ಪ್ರತಿಯೊಂದಕ್ಕೂ ಅವನ ಬಳಿ ಉತ್ತರವಿತ್ತು. ಎಂಟು ತಿಂಗಳು ಅವನ್ನೇ ಯೋಚಿಸಿದ್ದ. ಹೇಳಿದಷ್ಟೂ ಅದು ಖರೆಯಾಗುತ್ತ ಹೋಗುತ್ತಿತ್ತು, ಅವರ ಮುಖ ಬಿಗಿಯುತ್ತ ಹೋಗುತ್ತಿತ್ತು.

"ಇಷ್ಟೆಲ್ಲ ಇಲ್ಲದ್ದನ್ನು ಯಾರಾದರೂ ಯಾಕೆ ಕಲ್ಪಿಸುತ್ತಾರೆ?"

ಮೌಲಾಸಾಬ ಗಿಡಗದ ಕಡೆ ನೋಡಿದ. ಇದ್ದದ್ದನ್ನು ತೋರಿಸಿ ಸಾಬೀತು ಮಾಡಬಹುದು. ಇಲ್ಲದ್ದು ಇಲ್ಲವೆಂದು ಯಾವ ಕಾಗದ ತಂದು ತೋರಿಸುವುದು?

ಕನ್ನಡ ಓದಬಲ್ಲ ಒಬ್ಬರನ್ನು ಆಗಲೇ ಕರೆಸಲು ಹೇಳಿದ್ದರು. ಅರ್ಧ ಗಂಟೆಯಲ್ಲಿ ಬಂದರು, ಎಪ್ಪತ್ತು ದಾಟಿದ ಎತ್ತರದ ಮುದುಕ, ಹೆಸರು ಪರಮೇಶಪ್ಪ, ಧಾರವಾಡದ ಕಡೆಯವರು. ನೌಕಾಪಡೆಯ ವಿಮಾನಗಳಿಗೆ ಮೂವತ್ತು ವರ್ಷ ಫಿಟ್ಟರಾಗಿ ಕೈ ಸವೆಸಿ ನಿವೃತ್ತರಾದವರು. ಕನ್ನಡಕ ಏರಿಸಿ ಅವರು ಹಾಳೆಯನ್ನು ಒಂದೊಂದೇ ಸಾಲು ಓದಿ ಹಿಂದಿಯಲ್ಲಿ ಹೇಳುತ್ತ ಹೋದರು. ಮೌಲಾಸಾಬ ತನ್ನದೇ ಮಾತುಗಳನ್ನು ಬೇರೆಯವರ ಬಾಯಲ್ಲಿ ಅಪರಾಧದಂತೆ ಕೇಳುತ್ತ ಕೂತ.

ಕೊನೆಯ ಭಾಗಕ್ಕೆ ಬಂದಾಗ ಮುದುಕರ ದನಿ ನಿಂತಿತು. ಹದಿಮೂರನೆಯ ಗಿಡಗ ಮರಳಿ ಬಾರದ ಭಾಗ ಅದು. ವಿಮಾನದ ಎಣ್ಣೆ ಮುಗಿದಿರುವ ಹೊತ್ತು ದಾಟಿದೆ ಎಂದು ಎಲ್ಲರಿಗೂ ಗೊತ್ತು, ಆದರೂ ಫಿಟ್ಟರುಗಳು ಇಳಿದ ವಿಮಾನದ ಚಕ್ರ ಉರುಳದಂತೆ ಇಡುವ ಮರದ ತುಂಡುಗಳನ್ನು ಹಿಡಿದುಕೊಂಡೇ ನಿಂತಿದ್ದಾರೆ, ಕೆಳಗಿಡಲು ಯಾರಿಗೂ ಧೈರ್ಯವಿಲ್ಲ. ಪರಮೇಶಪ್ಪ ನೀರು ಕೇಳಿ ಕುಡಿದರು. ಮೌಲಾಸಾಬನ ಕಡೆ ಮೊದಲ ಸಲ ನೇರವಾಗಿ ನೋಡಿದರು.

"ಹಿಂಗ ಕಾಯ್ತಾರು ಅಂತ ನಿನಗ ಯಾರು ಹೇಳಿದ್ರು? ಯಾರ ಜೋಡಿ ಮಾತಾಡೀದಿ?"

ಮೌಲಾಸಾಬನಿಗೆ ಎಲ್ಲ ಮುಗಿಯಿತು ಎನ್ನಿಸಿತು.

"ಯಾರ ಜೋಡೀನೂ ಇಲ್ರಿ. ನಮ್ಮಣ್ಣ ಚಮನಸಾಬ ಮುರ್ಮುಗಾಂವ್ ಬಂದರಿನ್ಯಾಗ ಬಾರ್ಜ್ ಹಡಗಿನ ಮ್ಯಾಲ ಕೆಲಸಕ್ಕಿದ್ದ. ಒಂದ್ಸಲ ಹೋದಾಂವ ಬರಲಿಲ್ಲರಿ. ನಾನು ಹಡಗು ನಿಲ್ಲೋ ಧಕ್ಕೆ ಮ್ಯಾಲ ಅವನ ಊಟದ ಡಬ್ಬಿ ಹಿಡ್ಕೊಂಡು ನಿಂತಿದ್ದೆ. ಎಲ್ಲಾರೂ ಇಡೋ ಇಡೋ ಅಂದ್ರು. ಇಟ್ರ ಅಂವ ಬರಂಗಿಲ್ಲ ಅನಸ್ತು."

ಸಬ್‌ಇನ್‌ಸ್ಪೆಕ್ಟರ್ ಇವನು ಏನಂದ ಎಂದು ಕೇಳುವಷ್ಟರಲ್ಲಿ ಪರಮೇಶಪ್ಪ ಗಿಡಗವನ್ನು ಕೈಗೆತ್ತಿಕೊಂಡರು. ಅಡಿಮೇಲು ಮಾಡಿದರು. ಹೊಟ್ಟೆಯ ಕೆಳಗೆ ಬೆರಳಾಡಿಸಿದರು. ಆ ಬೆರಳುಗಳನ್ನೇ ಮೌಲಾಸಾಬ ನೋಡುತ್ತಿದ್ದ.

"ಮೇಡಮ್, ಇದು ಹಾರುವುದಿಲ್ಲ" ಎಂದರು ಪರಮೇಶಪ್ಪ, ಹಿಂದಿಯಲ್ಲಿ. "ಗಾಳಿ ಎಳೆಯುವ ಬಾಯಿ ಮೂಗಿನ ಚಕ್ರದ ಬೆನ್ನಿಗೇ ಇದೆ. ಮಳೆಗಾಲದಲ್ಲಿ ಒಂದು ಸಲ ಓಡಿದರೆ ನೀರು, ಕಲ್ಲು ಎಲ್ಲ ಇಂಜಿನ್ನಿನೊಳಗೆ. ಹಿಂಭಾಗ ಇಷ್ಟು ಭಾರ ಇದ್ದರೆ ನೆಲ ಬಿಡುವ ಮೊದಲೇ ಬಾಲ ಊರುತ್ತದೆ. ಇಲ್ಲಿ ಬರೆದಿರುವ ವಿಂಗ್ ಕಮಾಂಡರ್ ಹುದ್ದೆ ವಾಯುಪಡೆಯದು, ನಮ್ಮ ನೌಕಾಪಡೆಯಲ್ಲಿಲ್ಲ. ನಮ್ಮ ಒಳಗಿನ ಯಾರಾದರೂ ಇವನಿಗೆ ಹೇಳಿಕೊಟ್ಟಿದ್ದರೆ ಇಂಥ ತಪ್ಪು ಆಗುತ್ತಿರಲಿಲ್ಲ. ಈ ಮನುಷ್ಯ ಬೇಲಿಯಾಚೆ ನಿಂತು ನೋಡಿದವನು, ಅಷ್ಟೇ."

ಮೌಲಾಸಾಬನಿಗೆ ಜೀವ ಬಂದಂತಾಯಿತು. ಜೊತೆಗೇ ಮುಖ ಬಿಸಿಯಾಯಿತು. ಎಂಟು ತಿಂಗಳು, ಗಾಳಿಯ ಬಾಯಿ ಎಲ್ಲಿಡಬೇಕೆಂದೇ ಆರು ಸಲ ಕತ್ತರಿಸಿ ಅಂಟಿಸಿದ್ದ. ತನ್ನನ್ನು ಉಳಿಸುತ್ತಿರುವುದು ತನ್ನ ತಪ್ಪುಗಳೇ.

ಸಬ್‌ಇನ್‌ಸ್ಪೆಕ್ಟರ್ ಇನ್ನಷ್ಟು ಫೋನು ಮಾಡಿದರು. ಪಣಜಿಯ ಶಾಲೆಗೂ ಮಾಡಿದರು. ಏಳೂವರೆಗೆ ಹೇಳಿಕೆ ಬರೆಸಿ ಸಹಿ ಹಾಕಿಸಿಕೊಂಡರು. ಹಾಳೆಯನ್ನೂ ಐದು ಪ್ರತಿಗಳನ್ನೂ ಇಟ್ಟುಕೊಂಡರು. ವಿಮಾನವನ್ನು ತಿರುಗಿ ಕೊಟ್ಟರು. "ನಿಜವಾದ ಜಾಗದ ನಕ್ಷೆ ಇನ್ನು ಬರೆಯಬೇಡಿ. ಮನೆ ಬದಲಿಸಿದರೆ ಇಲ್ಲಿಗೆ ಬಂದು ತಿಳಿಸಿ. ಕರೆದಾಗ ಬರಬೇಕು" ಎಂದರು. ದನಿಯಲ್ಲಿ ಒರಟುತನವಿರಲಿಲ್ಲ. ಆದರೂ 'ಕರೆದಾಗ' ಎಂಬ ಮಾತು ಅವನ ಬೆನ್ನಲ್ಲೇ ಮನೆಗೆ ಬಂತು.

ಭಾನುವಾರ ಅವನು ಪಣಜಿಗೆ ಹೋಗಲಿಲ್ಲ. ಗಿಡಗ ಓಢಣಿ ಸುತ್ತಿಕೊಂಡೇ ಮಂಚದ ಕೆಳಗಿತ್ತು. ಬಾಗಿಲ ಬಳಿ ಗಾಡಿ ನಿಂತ ಸದ್ದಾದರೆ ಶಾಹಿದಾ ಒಲೆಯ ಮುಂದೆಯೇ ಉಸಿರು ಹಿಡಿಯುತ್ತಿದ್ದಳು. ಅಜಯ ದಾರಿಯಲ್ಲಿ ಸಿಕ್ಕಾಗ ಮೊದಲಿನಂತೆಯೇ ಚಾಚಾ ಎಂದ, ಆದರೆ ನಿಂತು ಮಾತಾಡಲಿಲ್ಲ.

ಮುಂದಿನ ಗುರುವಾರ, ಕೊರ್ಲಿಮ್‌ನಲ್ಲಿ ಚಹಾದ ಬಿಡುವಿನಲ್ಲಿ, ಗುರುತಿಲ್ಲದ ನಂಬರಿನಿಂದ ಫೋನು ಬಂತು. ತೆಗೆಯಲಿಲ್ಲ. ಮತ್ತೆ ಬಂತು. ಮೂರನೇ ಸಲ ಬಂದಾಗ ಯಂತ್ರಗಳ ಹಿಂದಿನ ಗೋಡೆಗೆ ಒರಗಿ ನಿಂತು ತೆಗೆದ.

"ನಾನಪಾ, ಪರಮೇಶಪ್ಪ. ಠಾಣೇದಾಗ ನಂಬರ್ ಇಸಕೊಂಡೆ. ಆ ಗಾಳಿ ಬಾಯಿ ವಿಚಾರ ಮಾಡಾಕತ್ತೇನಿ ನೋಡು, ನಿದ್ದಿ ಬರವಲ್ದು. ಎರಡೂ ಕಡೆ ಪಕ್ಕಕ್ಕ ಇಟ್ರ ಹಾರ್ತೈತಿ. ಐತವಾರ ನಮ್ಮ ಮನಿಗೆ ತಗೊಂಡು ಬಾ, ತೋರಸ್ತೇನಿ."

ಮೌಲಾಸಾಬ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದ. ಮುದುಕರು ಖರೇನೇ ಕರೆಯುತ್ತಿದ್ದಾರೋ, ಪೊಲೀಸರು ಅವರಿಂದ ಕರೆಸುತ್ತಿದ್ದಾರೋ? ಆ ಕಡೆ ಮುದುಕರ ಉಸಿರು ಕೇಳುತ್ತಿತ್ತು, ತುಸು ಏದುಸಿರು.

"ಬರ್ತೇನ್ರಿ" ಎಂದ. ಫೋನು ಕಿಸೆಗಿಟ್ಟು ಯಂತ್ರದ ಕಡೆ ನಡೆದ.

ಶನಿವಾರ ಸಂಜೆಯವರೆಗೆ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದಾಗ ಶಾಹಿದಾ ಆರಿಸಿದ ಅಕ್ಕಿಯನ್ನು ಡಬ್ಬಿಗೆ ಸುರಿದಳು.

"ಹೋಗ್ರಿ" ಎಂದಳು. "ಆದ್ರ ನಾನೂ ಬರ್ತೇನಿ. ಹೊರಗ ಕಟ್ಟಿ ಮ್ಯಾಲ ಕುಂದರ್ತೇನಿ. ನೀವು ಹೊರಗ ಬರೂತನಾ ಏಳಂಗಿಲ್ಲ."